ರಾಜ್ಯಶಾಸ್ತ್ರ ಪಾಠ ಮಾಡುವವರು ಸಂಘವನ್ನೂ ನಡೆಸಬೇಕಾದಾಗ

ಹೋದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಕೆಸೆಟ್ (ಪದವಿ ಕಾಲೇಜಿನ ಅಧ್ಯಾಪಕರಿಗೆ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಪಾಸಾಗಿ, ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಾಳೆ. "ಮೇಡಂ, ನಮ್ಮ ರಾಜ್ಯಶಾಸ್ತ್ರ ಅಧ್ಯಾಪಕರ ಸಂಘದಲ್ಲಿ ನನ್ನನ್ನ ಜಂಟಿ ಕಾರ್ಯದರ್ಶಿ ಮಾಡ್ತೀವಿ ಅಂತಿದ್ದಾರೆ. ಒಪ್ಕೊಳ್ಳಲಾ? ನಂಗಿನ್ನೂ ಪಾಠಾನೇ ಸರಿಯಾಗಿ ಹಿಡಿತಕ್ಕೆ ಬಂದಿಲ್ಲ" ಅಂದಳು. ಒಪ್ಕೋ ಅಂದೆ. ಆದರೆ ಹೇಗೆ ಮಾಡಬೇಕು ಅಂತ ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವಳಿಗೂ ಆಯಿತು, ಅವಳ ಹಾಗೆ ಈಗ ತಾನೇ ಕೆಲಸ ಶುರು ಮಾಡಿರುವ ನಿಮಗೂ ಆಯಿತು.

ನಾನು ಹಾಸನ ಜಿಲ್ಲೆಯವಳು. 29 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ. ಅದರ ನಡುವೆ ನಾಲ್ಕು ವರ್ಷ ನಮ್ಮ ವಿಷಯದ ಅಧ್ಯಾಪಕರ ಸಂಘದ ಖಜಾಂಚಿ, ಆರು ವರ್ಷ ಕಾರ್ಯದರ್ಶಿ. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ), ನೋಟಿಸು, ನಡವಳಿ (ಸಭೆಯಲ್ಲಿ ಆದದ್ದರ ದಾಖಲೆ), ಲೆಕ್ಕಪರಿಶೋಧನೆ ಅಂತ ನಾವು ದಿನಾ ಬೋರ್ಡಿನ ಮೇಲೆ ಬರೆಯುತ್ತೇವೆ. ಅದನ್ನೆಲ್ಲ ನಮ್ಮದೇ ಸಂಘದಲ್ಲಿ ಪಾಲಿಸದಿದ್ದರೆ ಆ ಪಾಠಕ್ಕೆ ಬೆಲೆ ಇಲ್ಲ ಅಂತ ನಾನು ನಂಬಿದ್ದೇನೆ. ಮುಂದೆ ಹೇಳುವುದೆಲ್ಲ ಇದೇ ನಂಬಿಕೆಯ ಮೇಲೆ ನಿಂತಿದೆ.

ಮೊದಲು ಕೆಲಸ ಸಿಗಬೇಕಲ್ಲ

ಈ ಭಾಗವನ್ನು ಬೇಗ ಮುಗಿಸುತ್ತೇನೆ. ಎಂ.ಎ.ಯಲ್ಲಿ ಕನಿಷ್ಠ 55 ಪರ್ಸೆಂಟ್ ಬೇಕು, ಮೀಸಲಾತಿ ಇರುವವರಿಗೆ 50. ಆಮೇಲೆ ನೆಟ್ (ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್. ಎರಡರಲ್ಲೂ ಮೊದಲ ಪತ್ರಿಕೆ 50 ಪ್ರಶ್ನೆ 100 ಅಂಕ, ಎರಡನೆಯದು 100 ಪ್ರಶ್ನೆ 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕೆಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿತ್ತು, ಈಗ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಡೆಸುತ್ತದೆ.

ಪಿಎಚ್.ಡಿ. ಮೊದಲೋ ನೆಟ್ ಮೊದಲೋ ಅಂತ ತುಂಬಾ ಜನ ಕೇಳುತ್ತಾರೆ. ನೆಟ್, ಕೆಸೆಟ್ ಮೊದಲು. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯ ಅಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದೆ. ಹಾಗಂತ ಪಿಎಚ್.ಡಿ. ಬಿಟ್ಟುಬಿಡಬೇಡಿ. ಮುಂದೆ ಸಹ ಪ್ರಾಧ್ಯಾಪಕರಾಗುವಾಗ ಅದು ಬೇಕೇ ಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ನಾನೂ ಹಾಗೇ ಓದಿದವಳು. ಒಂದು ಉದ್ದ ನೋಟ್‌ಬುಕ್ ಮಾಡಿಕೊಳ್ಳಿ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ, ಕೆಳಗೆ ನಿಮ್ಮೂರಿನ ಒಂದು ಉದಾಹರಣೆ. ಪರಮಾಧಿಕಾರ, ಒಕ್ಕೂಟ, ಅವಿಶ್ವಾಸ ನಿರ್ಣಯ, ಪಕ್ಷಾಂತರ, ಹೀಗೆ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ನಾನು ಬರೆದ ಅಂಥ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ. ಪರೀಕ್ಷೆಗೆ ಅದರಿಂದ ಸ್ವಲ್ಪ ಅನುಕೂಲ ಆಯಿತು. ಆಮೇಲೆ ಪಾಠ ಮಾಡುವಾಗ ಆಗಿದ್ದು ತುಂಬಾ ಜಾಸ್ತಿ.

ಪಾಠ: ಸಂವಿಧಾನದ ಪುಸ್ತಕವನ್ನೇ ತೆರೆಯಿರಿ

1995ರಲ್ಲಿ ಪಾರ್ಟ್‌ಟೈಮ್ ಉಪನ್ಯಾಸಕಿಯಾಗಿ ಸೇರಿದೆ. ಮೊದಲ ವರ್ಷ ಪೂರ್ತಿ ನೋಟ್ಸ್ ಓದಿ ಹೇಳಿದೆ. ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಕ್ಲಾಸು, ಎಪ್ಪತ್ತು ಮಕ್ಕಳು. ಅವರು ಬರೆದುಕೊಂಡರು, ನಾನು ಬರೆಸಿದೆ, ಅಷ್ಟೇ.

ಮರುವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದರು. 1996ರ ಜೂನ್ 1ರಂದು ಪ್ರಮಾಣವಚನ. ನಮ್ಮ ಜಿಲ್ಲೆಯವರು, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಊರೆಲ್ಲ ಅದೇ ಮಾತು. ಮೊದಲ ದಿನವೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಅವರು ಎಂಪಿನೇ ಅಲ್ವಲ್ಲ. ರಾಮನಗರದ ಎಂಎಲ್ಎ. ಪ್ರಧಾನಿ ಹೇಗಾದ್ರು?" ಇನ್ನೊಬ್ಬಳು ಕೇಳಿದಳು, "ಜನತಾದಳಕ್ಕೆ 46 ಸೀಟು ಮೇಡಂ. 46 ಸೀಟಿಗೆ ಪ್ರಧಾನಿ ಸಿಗುತ್ತಾ?"

ನನ್ನ ನೋಟ್ಸಿನಲ್ಲಿ ಈ ಎರಡಕ್ಕೂ ನೇರ ಉತ್ತರ ಇರಲಿಲ್ಲ. ಲೈಬ್ರರಿಯಿಂದ ಸಂವಿಧಾನದ ಕನ್ನಡ ಪ್ರತಿ ತರಿಸಿದೆ. 75ನೇ ವಿಧಿಯ 5ನೇ ಖಂಡವನ್ನು ಅವನ ಕೈಯಲ್ಲೇ ಓದಿಸಿದೆ. ಸಂಸತ್ತಿನ ಸದಸ್ಯರಲ್ಲದವರೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಸದಸ್ಯರಾಗಬೇಕು. ಆ ಸೆಪ್ಟೆಂಬರಿನಲ್ಲಿ ದೇವೇಗೌಡರು ರಾಜ್ಯಸಭೆಗೆ ಆಯ್ಕೆಯಾದಾಗ ಅದೇ ಹುಡುಗ ಪೇಪರ್ ಕತ್ತರಿಸಿ ತಂದು ತೋರಿಸಿದ. 46 ಸೀಟಿನ ಪ್ರಶ್ನೆಗೆ ಎರಡು ಪೀರಿಯಡ್ ಹಿಡಿಯಿತು. ಸಂಯುಕ್ತ ರಂಗ ಅಂದರೇನು, ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಡುವುದು ಅಂದರೇನು, ಆ ಬೆಂಬಲ ಹಿಂದಕ್ಕೆ ತೆಗೆದುಕೊಂಡರೆ ಏನಾಗುತ್ತದೆ, ಎಲ್ಲ ಬಂತು. ಸಮ್ಮಿಶ್ರ ಸರ್ಕಾರದ ಪಾಠ ಅಷ್ಟು ಚೆನ್ನಾಗಿ ನಾನು ಮತ್ತೆ ಯಾವತ್ತೂ ಮಾಡಿಲ್ಲ.

ಆಮೇಲಿಂದ ಕ್ಲಾಸಿಗೆ ಹೋಗುವಾಗ ಸಂವಿಧಾನದ ಒಂದು ಪ್ರತಿ ಕೈಯಲ್ಲಿ ಇದ್ದೇ ಇರುತ್ತಿತ್ತು. ನೀವೂ ಹಾಗೇ ಮಾಡಿ. ಗೈಡು ಓದಿಸಬೇಡಿ, ವಿಧಿಯನ್ನೇ ಓದಿಸಿ. ಮಕ್ಕಳೇ ಗಟ್ಟಿಯಾಗಿ ಓದಲಿ.

ಉದಾಹರಣೆಗಳಿಗೆ ದೂರ ಹೋಗಬೇಕಿಲ್ಲ. ಪ್ರಾತಿನಿಧ್ಯದ ಪಾಠಕ್ಕೆ 1881ರ ಮೈಸೂರು ಪ್ರಜಾಪ್ರತಿನಿಧಿ ಸಭೆಯಿಂದ ಶುರು ಮಾಡಿ. ದಿವಾನ್ ರಂಗಾಚಾರ್ಲು ಅದನ್ನು ದಸರಾ ಸಮಯದಲ್ಲಿ ಸೇರಿಸಿದ್ದರು. ರಾಷ್ಟ್ರಪತಿ ಆಳ್ವಿಕೆ ಅಂದಾಗ 356ನೇ ವಿಧಿಯ ಜೊತೆ ಎಸ್.ಆರ್. ಬೊಮ್ಮಾಯಿ ಸರ್ಕಾರದ ಕಥೆ ಹೇಳಿ. 1989ರಲ್ಲಿ ವಜಾ ಆಯಿತು, 1994ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ ಅಂತ ಆ ತೀರ್ಪು ಹೇಳಿತು. ಟಿವಿಯಲ್ಲಿ ದಿನಾ ಕೇಳುವ 'ವೋಟ್ ಬ್ಯಾಂಕ್' ಅನ್ನುವ ಪದವನ್ನು ಬಳಕೆಗೆ ತಂದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ 1955ರಲ್ಲಿ ಬರೆದ ಲೇಖನದಲ್ಲಿ ಅದು ಬರುತ್ತದೆ. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. ನಮ್ಮ ಕಡೆಯ ಹಳ್ಳಿಯಿಂದ ಹುಟ್ಟಿದ ಪದವಾ ಅಂತ ಕಣ್ಣರಳಿಸುತ್ತಾರೆ.

ಒಂದು ಎಚ್ಚರಿಕೆ. ನಿಮ್ಮ ಮತ ಯಾವ ಪಕ್ಷಕ್ಕೆ ಅಂತ ಕ್ಲಾಸಿನಲ್ಲಿ ಗೊತ್ತಾಗಬಾರದು. ಎದುರಿಗೆ ಕೂತವರಲ್ಲಿ ಎಲ್ಲ ಪಕ್ಷದ ಕಾರ್ಯಕರ್ತರ ಮಕ್ಕಳೂ ಇರುತ್ತಾರೆ. ನಾನು ಒಂದು ನಿಯಮ ಇಟ್ಟುಕೊಂಡಿದ್ದೆ. ಪಕ್ಷಾಂತರಕ್ಕೆ ಒಂದು ಪಕ್ಷದ ಉದಾಹರಣೆ ಕೊಟ್ಟರೆ, ಅದೇ ಪೀರಿಯಡ್ಡಿನಲ್ಲಿ ಇನ್ನೊಂದು ಪಕ್ಷದ್ದೂ ಕೊಡಬೇಕು. ಉದಾಹರಣೆಗಳಿಗೆ ಬರಗಾಲ ಯಾವತ್ತೂ ಬರಲಿಲ್ಲ.

ಎಲೆಕ್ಷನ್ ಡ್ಯೂಟಿಯನ್ನು ಪಾಠ ಮಾಡಿಕೊಳ್ಳಿ

ಎಲೆಕ್ಷನ್ ಡ್ಯೂಟಿ ಬಂದರೆ ತಪ್ಪಿಸಿಕೊಳ್ಳಲು ನೋಡುವವರೇ ಜಾಸ್ತಿ. ರಾಜ್ಯಶಾಸ್ತ್ರದವರು ಹಾಗೆ ಮಾಡಬಾರದು. ನಾನು ಪಿಆರ್‌ಓ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಆಗಿ ಹೋದಾಗ ಕಲಿತದ್ದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಮತಗಟ್ಟೆಯ ಸಾಮಾನು ಹಂಚುವ ಮಸ್ಟರಿಂಗ್ ಸೆಂಟರಿನಲ್ಲಿ ಪೆಟ್ಟಿಗೆ ತೆಗೆದುಕೊಂಡು, ಒಂದೊಂದು ಸಾಮಾನನ್ನೂ ಪಟ್ಟಿ ನೋಡಿ ಎಣಿಸಿ, ಬಸ್ಸಿನಲ್ಲಿ ಹಳ್ಳಿಗೆ ಹೋಗಿ, ರಾತ್ರಿ ಶಾಲೆಯ ಕೋಣೆಯಲ್ಲೇ ಮಲಗಬೇಕು. ಬೆಳಗ್ಗೆ ಮತದಾನ ಶುರುವಾಗುವ ಮೊದಲು ಅಭ್ಯರ್ಥಿಗಳ ಏಜೆಂಟರ ಎದುರಿಗೆ ಅಣಕು ಮತದಾನ, ಕಡಿಮೆ ಅಂದರೂ 50 ವೋಟು. ಅದನ್ನು ಎಣಿಸಿ ತೋರಿಸಿ, ಅಳಿಸಿ, ಆಮೇಲೆ ನಿಜವಾದ ಮತದಾನ. ಸಂಜೆ 17ಸಿ ನಮೂನೆಯಲ್ಲಿ ಯಂತ್ರದಲ್ಲಿ ದಾಖಲಾದ ಒಟ್ಟು ಮತ ಎಷ್ಟು ಅಂತ ಬರೆದು, ಏಜೆಂಟರಿಗೆ ಅದರ ಪ್ರತಿ ಕೊಡಬೇಕು.

ಈ 17ಸಿಯನ್ನು ನಾನು ಕ್ಲಾಸಿಗೆ ತಂದೆ. ಬೋರ್ಡಿನ ಮೇಲೆ ಅದರ ಮಾದರಿ ಬರೆದು, ಅದೇ ಪದ್ಧತಿಯಲ್ಲಿ ಕ್ಲಾಸ್ ರೆಪ್ರೆಸೆಂಟೇಟಿವ್ ಚುನಾವಣೆ ಮಾಡಿಸಿದೆ. ಸಹಿ ಮಾಡಿಸಿಕೊಳ್ಳುವ ರಿಜಿಸ್ಟರ್ ಬೇರೆ, ಚೀಟಿ ಬೇರೆ. ಒಂದು ವರ್ಷ ರಿಜಿಸ್ಟರಿನಲ್ಲಿ 60 ಸಹಿ, ಡಬ್ಬದಲ್ಲಿ 61 ಚೀಟಿ. ಗೆದ್ದವಳು ಹನ್ನೊಂದು ಮತದಿಂದ ಗೆದ್ದಿದ್ದಳು. ಒಂದು ಚೀಟಿಯಿಂದ ಫಲಿತಾಂಶ ಏನೂ ಬದಲಾಗುತ್ತಿರಲಿಲ್ಲ. ಆದರೂ ಮಕ್ಕಳೇ ಮರುಮತದಾನ ಬೇಕು ಅಂದರು. ಗೆದ್ದವಳೇ ಮೊದಲು ಕೈಯೆತ್ತಿದಳು. ಮರುದಿನ ಮತ್ತೆ ಮಾಡಿದೆವು, ಅವಳೇ ಗೆದ್ದಳು. ಆ ದಿನ ನಾನು ಮನೆಗೆ ಹೋಗುವಾಗ ಎಷ್ಟು ಸಂತೋಷವಾಗಿದ್ದೆ ಅಂದರೆ, ಬಸ್ ಸ್ಟಾಪ್ ದಾಟಿ ಮುಂದೆ ನಡೆದುಬಿಟ್ಟಿದ್ದೆ.

ಸಂಶೋಧನೆ: ಬಸ್ಸು ಹೋಗುವಷ್ಟು ದೂರದಲ್ಲಿ

ಪಿಎಚ್.ಡಿ.ಗೆ ವಿಷಯ ಆರಿಸುವಾಗ ದೊಡ್ಡ ಹೆಸರಿನ ಬೆನ್ನು ಹತ್ತಬೇಡಿ. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಸಂಜೆ ವಾಪಸ್ ಬರುವಷ್ಟು ದೂರದಲ್ಲಿರುವ ವಿಷಯ ಹಿಡಿಯಿರಿ. ಪಾಠದ ಜೊತೆ ನಡೆಯುವುದು ಅದೊಂದೇ.

ನನ್ನದು ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯರು. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಹಿನ್ನೆಲೆ ಇದೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ ಆಗಿದ್ದಾಗ ಬಂದ 1983ರ ಕಾಯ್ದೆ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆಯೂ ಆಯಿತು. ದೇಶಕ್ಕೆಲ್ಲ 73ನೇ ತಿದ್ದುಪಡಿ ಬಂದದ್ದು ಆಮೇಲೆ, 1993ರಲ್ಲಿ ಜಾರಿಗೆ.

ಒಬ್ಬ ಸದಸ್ಯೆಯ ಮನೆಗೆ ಎರಡು ಸಲ ಹೋಗಿದ್ದೆ. ಎರಡು ಸಲವೂ ನನ್ನ ಪ್ರಶ್ನೆಗೆಲ್ಲ ಅವರ ಗಂಡ ಉತ್ತರ ಕೊಟ್ಟರು. ಮೂರನೇ ಸಲ ಸಂಜೆ ಹಾಲಿನ ಡೈರಿಗೆ ಹಾಲು ಹಾಕುವ ಹೊತ್ತಿಗೆ ಹೋದೆ. ಗಂಡ ಡೈರಿಗೆ ಹೋಗಿದ್ದರು. ಆಯಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ. ಮೊರ ಅರ್ಧ ತುಂಬುವ ಹೊತ್ತಿಗೆ ಅವರೇ ಮಾತು ಶುರು ಮಾಡಿದರು. "ನಮ್ ಕೇರಿಗೆ ಪೈಪು ಹಾಕ್ಸಿ ಅಂತ ಮೂರ್ ಮೀಟಿಂಗಲ್ಲಿ ಹೇಳ್ದೆ ಕಣವ್ವ. ಮೂರ್ ಸಲಾನೂ ಆಯ್ತು ಅಂದ್ರು. ನಂಗೆ ಓದಕ್ ಬರಲ್ಲ. ಹೆಬ್ಬೆಟ್ ಒತ್ತಿದೆ. ಆಮೇಲೆ ನನ್ ಮಗಳು ಬುಕ್ಕು ಓದಿ ನೋಡಿದ್ರೆ ಅದ್ರಲ್ಲಿ ಪೈಪಿನ್ ಮಾತೇ ಇಲ್ಲ."

ನನ್ನ ಥೀಸಿಸ್ಸಿನಲ್ಲಿ ಕೋಷ್ಟಕಗಳು ಬೇಕಾದಷ್ಟಿವೆ. ಆದರೆ ಅದರಲ್ಲಿ ನಿಜವಾಗಿ ಇರುವುದು ಈ ಮಾತು. ನಡವಳಿ ಪುಸ್ತಕ ಯಾರ ಕೈಯಲ್ಲಿದೆಯೋ ಸಭೆ ಅವರ ಕೈಯಲ್ಲಿದೆ ಅಂತ ನನಗೆ ಹೇಳಿಕೊಟ್ಟವರು ಆಯಮ್ಮ. ಕೆಲವು ವರ್ಷದ ನಂತರ ಸಂಘದ ನಡವಳಿ ಪುಸ್ತಕ ನನ್ನ ಕೈಗೆ ಬಂದಾಗ ಮೊದಲು ನೆನಪಾದದ್ದು ಅವರ ಹೆಬ್ಬೆಟ್ಟು.

ಸಂಘದ ಜವಾಬ್ದಾರಿ: ಮೊದಲು ಬೈಲಾ ಓದಿ

ಸಂಘಕ್ಕೆ ಕರೆದರೆ ಒಪ್ಪಿಕೊಳ್ಳಿ. ಆದರೆ ನೇರವಾಗಿ ಕಾರ್ಯದರ್ಶಿ ಆಗಬೇಡಿ. ಜಂಟಿ ಕಾರ್ಯದರ್ಶಿ ಅಥವಾ ಖಜಾಂಚಿಯಾಗಿ ಶುರು ಮಾಡಿ. ಲೆಕ್ಕ ಗೊತ್ತಿಲ್ಲದ ಕಾರ್ಯದರ್ಶಿ ಪ್ರತಿಯೊಂದಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ.

ಒಪ್ಪಿಕೊಂಡ ದಿನವೇ ಬೈಲಾದ, ಅಂದರೆ ಸಂಘದ ನಿಯಮಾವಳಿಯ, ಪ್ರತಿ ಕೇಳಿ. "ಎಲ್ಲೋ ಇದೆ, ಹುಡುಕಿ ಕೊಡ್ತೀವಿ" ಅಂದರೆ ಬಿಡಬೇಡಿ. ಸಂಘ ನೋಂದಣಿ ಆಗಿದ್ದರೆ ಅದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತದೆ, ನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ಪ್ರತಿ ಸಿಗುತ್ತದೆ. ಮೂರು ವಿಷಯ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಸರ್ವಸದಸ್ಯರ ಸಭೆಗೆ ಎಷ್ಟು ದಿನ ಮೊದಲು ನೋಟಿಸು, ಕೋರಂ ಎಷ್ಟು, ಚೆಕ್ಕಿಗೆ ಯಾರು ಯಾರು ಸಹಿ ಹಾಕಬೇಕು.

ಈ ಮೊದಲನೆಯದರಲ್ಲಿ ನಾನು ತಪ್ಪು ಮಾಡಿದ್ದೇನೆ. ಕಾರ್ಯದರ್ಶಿಯಾದ ಮೊದಲ ವರ್ಷ. ನಮ್ಮ ಬೈಲಾದಲ್ಲಿ 21 ದಿನದ ನೋಟಿಸು ಅಂತ ಇತ್ತು. ವ್ಯಾಲ್ಯುಯೇಷನ್ ಗಡಿಬಿಡಿಯಲ್ಲಿ ನಾನು ಕಳಿಸಿದ್ದು 13 ದಿನ ಮೊದಲು. ಸಭೆಗೆ ಎಂಬತ್ತು ಜನ ಬಂದಿದ್ದರು. ಪ್ರಾರ್ಥನೆ ಮುಗಿದ ತಕ್ಷಣ ಹಿರಿಯ ಸದಸ್ಯರೊಬ್ಬರು ಎದ್ದು, "ಅಧ್ಯಕ್ಷರೇ, ಕ್ರಿಯಾಲೋಪ" ಅಂದರು, ಅಂದರೆ ಸಭೆ ನಿಯಮ ತಪ್ಪಿದೆ ಅನ್ನುವ ಆಕ್ಷೇಪ. ದಿನಾಂಕ ಓದಿದರು. ಸಭೆ ಸ್ತಬ್ಧವಾಯಿತು. ದೂರದ ತಾಲ್ಲೂಕುಗಳಿಂದ ಬೆಳಗ್ಗೆ ಐದಕ್ಕೇ ಬಸ್ಸು ಹತ್ತಿ ಬಂದವರಿದ್ದರು. ಹೇಗೂ ಬಂದಿದ್ದೀವಲ್ಲ, ಮುಗಿಸಿಬಿಡೋಣ ಅಂತ ಹಲವರು ಅಂದರು. ನಾನು ಮೈಕ್ ಹಿಡಿದು ತಪ್ಪು ನನ್ನದು ಅಂತ ಹೇಳಿದೆ, ಈ ಸಭೆ ನಿಯಮದ ಪ್ರಕಾರ ಆಗಿಲ್ಲ, ಮತ್ತೆ ಕರೆಯುತ್ತೇನೆ ಅಂದೆ. ಅಂದು ಯಾವ ನಿರ್ಣಯವನ್ನೂ ತೆಗೆದುಕೊಳ್ಳಲಿಲ್ಲ. ಊಟ ಮಾಡಿ, ಪಠ್ಯಕ್ರಮದ ಬಗ್ಗೆ ಸುಮ್ನೆ ಚರ್ಚೆ ಮಾಡಿ ಎಲ್ಲರೂ ಹೊರಟರು. ತಿಂಗಳಾದ ಮೇಲೆ ಮತ್ತೆ ಸಭೆ ಸೇರಿತು. ಕ್ರಿಯಾಲೋಪ ಎತ್ತಿದ ಸರ್ ನನ್ನ ಹತ್ತಿರ ಬಂದು, "ನಿಮ್ಮ ಮೇಲೆ ಕೋಪ ಇಲ್ಲಮ್ಮ, ನಾವೇ ಹೀಗೆ ಮಾಡಿದರೆ ಮಕ್ಕಳಿಗೆ ಏನು ಹೇಳೋದು" ಅಂದರು. ಅವರಿಗೆ ನಾನು ಇವತ್ತಿಗೂ ಋಣಿ.

ಈಗ ಮಾಡಬೇಕಾದದ್ದು ಇಷ್ಟು. ಸಭೆಯ ದಿನಾಂಕ ನಿಗದಿಯಾದ ಕೂಡಲೇ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿ. 21 ದಿನ ಅಂದರೆ ನೀವು 25 ಇಟ್ಟುಕೊಳ್ಳಿ. ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ನೋಟಿಸು ಕೊಟ್ಟ ಹಾಗೆ ಅಂತ ಬೈಲಾದಲ್ಲಿ ಇಲ್ಲದಿದ್ದರೆ, ಅಂಚೆಯಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ನಡವಳಿ ಬರೆಯುವುದು

ಮನೆಗೆ ಹೋಗಿ ನಿಧಾನವಾಗಿ ಬರೆಯುತ್ತೇನೆ ಅನ್ನಬೇಡಿ. ಸಭೆಯಲ್ಲೇ ಬರೆಯಿರಿ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ವಿರೋಧ ಎಷ್ಟು, ಇಷ್ಟು ಸಾಕು. ಭಾಷಣ ಬರೆಯಬೇಕಿಲ್ಲ. ವಿರೋಧ ಮಾಡಿದವರು ನನ್ನ ಹೆಸರು ಬರೆಯಿರಿ ಅಂದರೆ ಬರೆಯಲೇಬೇಕು.

ಪುಟಕ್ಕೆ ಮೊದಲೇ ಸಂಖ್ಯೆ ಹಾಕಿ. ಎರಡು ನಿರ್ಣಯಗಳ ನಡುವೆ ಖಾಲಿ ಜಾಗ ಬಿಡಬೇಡಿ. ಕೊನೆಯ ನಿರ್ಣಯದ ಕೆಳಗೆ ಅಡ್ಡಗೆರೆ ಎಳೆಯಿರಿ. ಸಹಿಗೆ ಮೊದಲು ಪೂರ್ತಿ ನಡವಳಿಯನ್ನು ಗಟ್ಟಿಯಾಗಿ ಓದಿ. ನಮ್ಮಲ್ಲಿ ಇದಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಗೊಣಗುವವರು ಇದ್ದರು. ನಾನು ಒಂದು ಸಲವೂ ಬಿಡಲಿಲ್ಲ. ಯಾಕೆ ಅಂತ ನಿಮಗೆ ಈಗ ಗೊತ್ತಲ್ಲ.

ಕೋರಂ ಬಗ್ಗೆ ಹೇಳುವಾಗ ಕ್ಲಾಸನ್ನೂ ನೆನಪಿಡಿ. ವಿಧಾನಸಭೆಗೆ ಹತ್ತು ಮಂದಿ ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಯಾವುದು ಜಾಸ್ತಿಯೋ ಅದು. ನಮ್ಮಲ್ಲಿ 224 ಸದಸ್ಯರು, ಹಾಗಾದರೆ ಎಷ್ಟು ಜನ ಬೇಕು ಅಂತ ಮಕ್ಕಳ ಹತ್ತಿರ ಲೆಕ್ಕ ಮಾಡಿಸಿ. ಆಮೇಲೆ ನಿಮ್ಮ ಸಂಘದ ಹಾಜರಿ ಪುಸ್ತಕದ ಕಥೆ ಹೇಳಿ. ಅವರಿಗೆ ತುಂಬಾ ಇಷ್ಟವಾಗುತ್ತದೆ.

ದುಡ್ಡು

ದುಡ್ಡಿನ ವಿಷಯದಲ್ಲಿ ಸ್ನೇಹ ನೋಡಬಾರದು. ರಸೀದಿ ಪುಸ್ತಕಕ್ಕೆ ಮುದ್ರಿತ ಕ್ರಮಸಂಖ್ಯೆ ಇರಲಿ. ಯಾವ ಪುಸ್ತಕ ಯಾರಿಗೆ ಕೊಟ್ಟಿರಿ ಅನ್ನುವುದಕ್ಕೆ ಒಂದು ರಿಜಿಸ್ಟರ್ ಇಡಿ. ಬಂದ ದುಡ್ಡನ್ನು ಖರ್ಚಿಗೆ ನೇರವಾಗಿ ಬಳಸಬೇಡಿ. ಮೊದಲು ಬ್ಯಾಂಕಿಗೆ ಕಟ್ಟಿ, ಆಮೇಲೆ ತೆಗೆಯಿರಿ. ಅಡುಗೆಯವರಿಗೆ ಮುಂಗಡ ಕೊಟ್ಟರೂ ವೋಚರ್ ಮೇಲೆ ಸಹಿ ಬೇಕು. ಖಜಾಂಚಿಯಾಗಿದ್ದಾಗ ಒಂದು ಸಮ್ಮೇಳನದ ಲೆಕ್ಕದಲ್ಲಿ 4,300 ರೂಪಾಯಿಗೆ ವೋಚರ್ ಸಿಗಲಿಲ್ಲ. ಖರ್ಚು ಆಗಿದ್ದು ನಿಜ, ಪೆಂಡಾಲಿನ ಹುಡುಗರಿಗೆ ರಾತ್ರಿ ಕೊಟ್ಟದ್ದು ನನಗೆ ನೆನಪಿದೆ. ಆದರೆ ನೆನಪಿಗೆ ಆಡಿಟರ್ ಸಹಿ ಹಾಕುವುದಿಲ್ಲ. ಆ ಮೊತ್ತವನ್ನು ನಾನೇ ಕಟ್ಟಿದೆ, ಕಟ್ಟಿದ್ದೇನೆ ಅಂತ ಸಭೆಗೂ ಹೇಳಿದೆ. ಆಮೇಲೆ ವ್ಯಾನಿಟಿ ಬ್ಯಾಗಿನಲ್ಲಿ ಯಾವಾಗಲೂ ಖಾಲಿ ವೋಚರ್ ಪ್ಯಾಡು ಒಂದು ಇಟ್ಟುಕೊಂಡೇ ಓಡಾಡಿದೆ.

ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮುಗಿದ ಮೇಲೆ ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಸಂಘಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಒಂದು ವರ್ಷ ತಪ್ಪಿದರೆ ಎರಡನೇ ವರ್ಷವೂ ತಪ್ಪುತ್ತದೆ, ಆಮೇಲೆ ಬಾಕಿ ಬೆಟ್ಟದಷ್ಟಾಗುತ್ತದೆ.

ಸಮ್ಮೇಳನ ಮಾಡುವಾಗ

ನಮ್ಮ ವಿಷಯದ ಸಂಘಗಳಿಗೆ ಒಳ್ಳೆಯ ಪರಂಪರೆ ಇದೆ. ಭಾರತೀಯ ರಾಜ್ಯಶಾಸ್ತ್ರ ಸಂಘ ಹುಟ್ಟಿದ್ದು 1938ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ಮರುವರ್ಷವೇ ಅದರ ಪತ್ರಿಕೆ ಶುರುವಾಯಿತು. ಅಂತರರಾಷ್ಟ್ರೀಯ ಸಂಘ ಯುನೆಸ್ಕೋ ಆಸರೆಯಲ್ಲಿ 1949ರಲ್ಲಿ ಹುಟ್ಟಿತು. ಎರಡು ದಿನದ ಒಂದು ಜಿಲ್ಲಾ ಸಮ್ಮೇಳನ ಮಾಡಿದರೂ ನೀವು ಆ ಸಾಲಿನಲ್ಲೇ ನಿಲ್ಲುತ್ತೀರಿ ಅಂತ ನೆನಪಿರಲಿ.

ನಿಜ ಹೇಳಬೇಕೆಂದರೆ ಬಹಳ ಜನ ಬರುವುದು ಸರ್ಟಿಫಿಕೇಟಿಗೆ. ಓಓಡಿ ಪತ್ರ (ಕರ್ತವ್ಯದ ಮೇಲೆ ಹೊರಗಿದ್ದರು ಅನ್ನುವ ಪತ್ರ), ಸರ್ಟಿಫಿಕೇಟು ಎರಡೂ ಅವರಿಗೆ ಬೇಕು, ಪ್ರಮೋಷನ್ನಿಗೆ ಅದು ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸರ್ಟಿಫಿಕೇಟನ್ನು ಎರಡನೇ ದಿನದ ಕೊನೆಯ ಗೋಷ್ಠಿ ಮುಗಿದ ಮೇಲೆ ಕೊಡಿ. ಮೊದಲ ದಿನ ಊಟದ ಹೊತ್ತಿಗೆ ಕೊಟ್ಟರೆ ಸಂಜೆಯ ಗೋಷ್ಠಿಯಲ್ಲಿ ಕುರ್ಚಿಗಳೇ ಪ್ರೇಕ್ಷಕರು. ಪೇಪರ್ ಓದಲು ಬಂದ ಹುಡುಗಿಯೊಬ್ಬಳು ಖಾಲಿ ಹಾಲ್ ನೋಡಿ ಅತ್ತುಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಆ ಪೇಪರಿಗೆ ಅವಳು ಮೂರು ತಿಂಗಳು ಕೆಲಸ ಮಾಡಿದ್ದಳು.

ಕನ್ನಡದಲ್ಲಿ ಪೇಪರ್ ಓದುವವರಿಗೆ ಒಂದು ಗೋಷ್ಠಿ ಇಡಿ. ಅದನ್ನು ಊಟ ಆದ ಮೇಲಿನ ನಿದ್ದೆಯ ಹೊತ್ತಿಗೆ ತಳ್ಳಬೇಡಿ, ಬೆಳಗ್ಗೆಯೇ ಇಡಿ. ನಮ್ಮ ಹಳ್ಳಿಯ ರಾಜಕೀಯದ ಬಗ್ಗೆ ಒಳ್ಳೆಯ ಕೆಲಸ ಮಾಡಿದವರಲ್ಲಿ ಎಷ್ಟೋ ಜನ ಇಂಗ್ಲಿಷಿಗೆ ಹೆದರಿ ಬಾಯಿ ಬಿಡುವುದಿಲ್ಲ. ಬಂದ ಪೇಪರುಗಳನ್ನು ಓದದೆ ಪುಸ್ತಕ ಮಾಡಿ ಐಎಸ್‌ಬಿಎನ್ ಹಾಕುವ ಕೆಲಸಕ್ಕೆ ಇಳಿಯಬೇಡಿ. ಇಬ್ಬರು ಓದಿ ಒಪ್ಪಿದ ಹತ್ತು ಪೇಪರು ಸಾಕು.

ಮನವಿ, ಮತ, ಮರ್ಯಾದೆ

ಸಂಘದ ನಿಜವಾದ ಕೆಲಸ ಪಠ್ಯಕ್ರಮ ಮತ್ತು ವರ್ಕ್‌ಲೋಡ್. 2021ರಲ್ಲಿ ನಾಲ್ಕು ವರ್ಷದ ಪದವಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪ್ರತಿ ಸಲವೂ ಪತ್ರಿಕೆಗಳು ಬದಲು, ತರಗತಿಯ ಗಂಟೆಗಳು ಬದಲು. ಗಂಟೆ ಕಡಿಮೆಯಾದರೆ ಮೊದಲು ಕೆಲಸ ಹೋಗುವುದು ಅತಿಥಿ ಉಪನ್ಯಾಸಕರದ್ದು. ಅದಕ್ಕೆ ಮನವಿ ಕೊಡುವಾಗ ಒಂದೇ ಪುಟ, ಮೂರೇ ಬೇಡಿಕೆ. ಯಾವ ಕಾಲೇಜಿನಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಗಂಟೆ ಕಡಿಮೆಯಾಗುತ್ತದೆ ಅಂತ ಹಿಂದೆ ಒಂದು ಪಟ್ಟಿ ಸೇರಿಸಿ. ಅಧ್ಯಯನ ಮಂಡಳಿಯ ಅಧ್ಯಕ್ಷರಿಗೆ ಒಂದು, ಕುಲಸಚಿವರಿಗೆ ಒಂದು. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಅತಿಥಿ ಉಪನ್ಯಾಸಕರ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ನಮ್ಮ ಸಂಘದಲ್ಲಿ ಅವರು ಸದಸ್ಯತ್ವ ಶುಲ್ಕ ಕಟ್ಟುತ್ತಿದ್ದರು, ಆದರೆ ಮತ ಇರಲಿಲ್ಲ. ಪ್ರಾತಿನಿಧ್ಯ ಇಲ್ಲದೆ ತೆರಿಗೆ ಇಲ್ಲ ಅಂತ ಕ್ಲಾಸಿನಲ್ಲಿ ಅಮೆರಿಕದ ಕ್ರಾಂತಿಯ ಪಾಠ ಮಾಡಿ ಬಂದು, ಸಂಜೆ ಅವರ ಶುಲ್ಕಕ್ಕೆ ರಸೀದಿ ಹರಿಯುವಾಗ ನನಗೆ ಮನಸ್ಸು ಒಪ್ಪುತ್ತಿರಲಿಲ್ಲ. ಬೈಲಾ ತಿದ್ದಲು ಮೂರನೇ ಎರಡು ಬಹುಮತ ಬೇಕಿತ್ತು. ಮೊದಲ ವರ್ಷ ಸೋತೆವು. ಎರಡನೇ ವರ್ಷ ತಾಲ್ಲೂಕು ತಾಲ್ಲೂಕಿಗೆ ಹೋಗಿ ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿದೆ. ಎರಡು ಮತ ಜಾಸ್ತಿ ಬಂದು ತಿದ್ದುಪಡಿ ಪಾಸಾಯಿತು. ನನ್ನ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದು. ಫೋನ್ ಮಾಡಿದ ಹುಡುಗಿಯನ್ನು ಇವತ್ತು ಜಂಟಿ ಕಾರ್ಯದರ್ಶಿ ಮಾಡುತ್ತೇವೆ ಅನ್ನುತ್ತಿದ್ದಾರೆ ಅಂದರೆ, ಅಂಥ ತಿದ್ದುಪಡಿ ಬೇರೆ ಕಡೆಯೂ ಆಗಿದೆ ಅಂತ ಅರ್ಥ.

ಇನ್ನೊಂದು ಇಕ್ಕಟ್ಟು ಬರುತ್ತದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದ್ದು. ಚುನಾವಣೆ ಬಂತು ಅಂದರೆ ಅಭ್ಯರ್ಥಿಗಳು ಸಂಘದ ಬಾಗಿಲಿಗೆ ಬರುತ್ತಾರೆ. ಸನ್ಮಾನ ಮಾಡುತ್ತೇವೆ, ಸಮ್ಮೇಳನಕ್ಕೆ ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ಆ ದುಡ್ಡು ಮುಟ್ಟಬೇಡಿ. ಸರ್ಕಾರಿ ನೌಕರರಾಗಿ ನಿಮಗೆ ನಡತೆ ನಿಯಮವೂ ಇದೆ. ವೈಯಕ್ತಿಕವಾಗಿ ಮತ ಹಾಕಿ, ಸಂಘದ ಹೆಸರಿನಲ್ಲಿ ಯಾರಿಗೂ ಬೆಂಬಲ ಪತ್ರ ಕೊಡಬೇಡಿ, ಸಂಘದ ಲೆಟರ್‌ಹೆಡ್ಡನ್ನು ಬೀರುವಿನಲ್ಲಿ ಬೀಗ ಹಾಕಿ ಇಡಿ.

ಬಿಟ್ಟುಕೊಡುವ ದಿನ

ಅವಧಿ ಮುಗಿದ ಮೇಲೆ ಇನ್ನೊಂದು ವರ್ಷ ಇರಿ ಅಂತ ಒತ್ತಾಯ ಮಾಡುತ್ತಾರೆ. ಬೈಲಾ ಅವಕಾಶ ಕೊಟ್ಟರೂ ನೀವು ಎರಡು ಮೂರು ಅವಧಿಗಿಂತ ಜಾಸ್ತಿ ಇರಬೇಡಿ. ಹೊಸಬರಿಗೆ ಅಧಿಕಾರ ಹಸ್ತಾಂತರ ಮಾಡುವ ದಿನ ಪಟ್ಟಿ ಮಾಡಿಯೇ ಕೊಡಿ. ನಾನು ಕೊಟ್ಟ ಪಟ್ಟಿಯ ನಕಲು ಇನ್ನೂ ನನ್ನ ಹತ್ತಿರ ಇದೆ: ನಡವಳಿ ಪುಸ್ತಕ ಮೂರು, ಕ್ಯಾಶ್ ಬುಕ್ ಎರಡು, ಬಳಸದ ರಸೀದಿ ಪುಸ್ತಕ ನಾಲ್ಕು, ಸದಸ್ಯರ ರಿಜಿಸ್ಟರ್, ಬೈಲಾದ ದೃಢೀಕೃತ ಪ್ರತಿ, ಪ್ಯಾನ್ ಕಾರ್ಡ್, ಪಾಸ್‌ಬುಕ್, ಉಳಿದ ಚೆಕ್ ಹಾಳೆಗಳ ನಂಬರು, ರಬ್ಬರ್ ಸ್ಟ್ಯಾಂಪು, ಇಮೇಲ್ ಪಾಸ್‌ವರ್ಡ್ ಬರೆದ ಮುಚ್ಚಿದ ಲಕೋಟೆ. ಎಲ್ಲ ಒಂದು ಹಸಿರು ಬಣ್ಣದ ಟ್ರಂಕಿನಲ್ಲಿ. ಒಂದೊಂದನ್ನೂ ತೆಗೆದು ತೋರಿಸಿ, ಇಬ್ಬರೂ ಸಹಿ ಹಾಕಿದೆವು. ಟ್ರಂಕಿಗೆ ಎರಡು ಕೀಲಿ ಇತ್ತು. ಒಂದನ್ನು ಹೊಸ ಕಾರ್ಯದರ್ಶಿಗೆ ಕೊಟ್ಟೆ, ಇನ್ನೊಂದನ್ನು ಖಜಾಂಚಿಗೆ. ಮಾರನೇ ದಿನ ಬೆಳಗ್ಗೆ ಒಂಬತ್ತೂವರೆಗೆ ಎರಡನೇ ವರ್ಷದವರಿಗೆ ನನ್ನ ಕ್ಲಾಸು ಇತ್ತು, ಪಾಠ 75ನೇ ವಿಧಿ.